ಯಾರೂ ಮುಟ್ಟದ ಬೀಗ

ಭಾನುವಾರ, ಜೂನ್ ೧೪
ಹೊಲಿಗೆ ಅಂಗಡಿಯಿಂದ

ಪ್ರೀತಿಯ ಪುಟ್ಟಿಗೆ,

ಚಿಕ್ಕಮ್ಮನ ಆಶೀರ್ವಾದಗಳು. ನೀನು, ನಿನ್ನ ಯಜಮಾನರು, ಕೂಸು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕೂಸಿಗೆ ಹಲ್ಲು ಬರುತ್ತಿದೆಯಂತೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದೆಯಂತೆ, ನಿಮ್ಮಮ್ಮ ಹೇಳಿದಳು. ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು. ಹಾಗಾಗಿ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಾನು ಫೋನು ಕಿವಿಗಿಟ್ಟ ಕೂಡಲೇ ನಿಮ್ಮಮ್ಮ ಎಲ್ಲಿದ್ದರೂ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಕೊಡು ಇಲ್ಲಿ ಅಂತ ಕಿತ್ತುಕೊಂಡು, ನಿನ್ನ ತಮ್ಮ ಈಗ ಎಷ್ಟು ಒಳ್ಳೆಯವನಾಗಿದ್ದಾನೆ ಗೊತ್ತಾ ಅಂತ ಶುರು ಮಾಡುತ್ತಾಳೆ. ಅವಳ ಎದುರಿಗೆ ಹೇಳಲಾಗದ್ದು ಇದೆ, ಅದಕ್ಕೇ ಈ ಕಾಗದ. ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಇವತ್ತು ಅಂಗಡಿಗೆ ರಜೆ, ಆದರೂ ಗುಂಡಿ ಹಾಕುವುದಿದೆ ಅಂತ ಸುಳ್ಳು ಹೇಳಿ ಬಂದು ಕೂತಿದ್ದೇನೆ. ಕಾಗದ ಉದ್ದವಾಗುತ್ತದೆ. ಊರಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟದಿದ್ದರೆ ಅರ್ಧಕ್ಕೇ ನಿಲ್ಲಿಸಿ ಮಗ್ಗುಲಾಗಿಬಿಡುತ್ತಿದ್ದಳು. ನೀನು ಅಲ್ಲೇ ಹೂಂ ಅನ್ನುತ್ತಾ ಓದು.

ನಿನ್ನ ತಮ್ಮನ ಹಸಿವು ಹೋದ ಕಥೆಯನ್ನು ನನಗೆ ಮೊದಲು ಹೇಳಿದವರು ನಿಮ್ಮಪ್ಪ, ಈ ಬೇಸಿಗೆಯ ಶುರುವಿನಲ್ಲಿ ಒಂದು ಬೆಳಗ್ಗೆ. ನಾನು ಆಗಷ್ಟೇ ಅಂಗಡಿ ಬಾಗಿಲು ತೆಗೆದು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಪಕ್ಕದ ಬೀಗದಂಗಡಿಯಿಂದ ಭಾವ ಎದ್ದು ಬಂದರು. ಕೆಲಸದ ಹೊತ್ತಿನಲ್ಲಿ ಅವರು ಸ್ಟೂಲು ಬಿಟ್ಟು ಏಳುವವರಲ್ಲ, ಗಿರಾಕಿ ಬಂದರೂ ಕೂತಲ್ಲಿಂದಲೇ ಕೈ ಚಾಚುವ ಆಸಾಮಿ. ಬಂದವರೇ ನನ್ನ ಕತ್ತರಿಯನ್ನು ಸರಿಸಿ ಮೇಜಿನ ತುದಿಗೆ ಕೂತು, ಬೀಗ ಮುಟ್ಟಿಲ್ಲ ಕಣಮ್ಮ ಅಂದರು. ಯಾವ ಬೀಗ ಭಾವ ಅಂದೆ. ಅಡುಗೆಮನೇದು, ವಾರದಿಂದ ದಾರದ ಎಳೆ ಇಟ್ಟ ಹಾಗೇ ಇದೆ ಅಂದರು. ಮುಖ ನೋಡಿದರೆ ಲಾಟರಿ ಹೊಡೆದವರ ಹಾಗಿತ್ತು.

ನಿನ್ನ ಯಜಮಾನರಿಗೆ ಈ ಮನೆಯ ವಿಷಯ ನೀನು ಪೂರ್ತಿ ಹೇಳಿಲ್ಲ ಅಂತ ನನಗೆ ಗುಮಾನಿ. ಹೋದ ಸಲ ಅವರು ಬಂದಿದ್ದಾಗ ನೀರು ಕುಡಿಯಲು ಅಡುಗೆಮನೆ ಕಡೆ ಹೋಗಿ, ಬೀಗ ಕಂಡು, ಹಾಗೇ ವಾಪಸು ಬಂದು ಕೂತರು. ಬಾಯಿಬಿಟ್ಟು ಕೇಳಲಿಲ್ಲ, ಒಳ್ಳೆಯ ಮನುಷ್ಯ. ಅವರಿಗೋಸ್ಕರ ಹಳೆಯದನ್ನು ನಾಲ್ಕು ಮಾತಿನಲ್ಲಿ ಬರೆಯುತ್ತೇನೆ, ಓದಿ ಹೇಳು.

ನಿನ್ನ ತಮ್ಮ ಹುಟ್ಟಿದಾಗ ಒದ್ದೆ ಬಟ್ಟೆಯ ಹಾಗಿದ್ದ. ಎತ್ತಿದರೆ ಕೈಯಿಂದ ಜಾರುತ್ತಿದ್ದ, ಹಾಲು ಹೀರುವ ಶಕ್ತಿಯೂ ಇರಲಿಲ್ಲ. ನಿಮ್ಮಮ್ಮ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟು ಉಳಿಸಿಕೊಂಡಳು. ನಡೆಯಲು ಕಲಿತ ಮೇಲೆ ಅದೆಲ್ಲಿತ್ತೋ ಹಸಿವು, ಬಂದು ಕೂತಿತು. ತಿಂದದ್ದು ಸಾಕು ಅಂತ ಹೊಟ್ಟೆ ತಲೆಗೆ ಸುದ್ದಿ ಮುಟ್ಟಿಸಬೇಕಲ್ಲ, ಅವನಿಗೆ ಆ ಸುದ್ದಿ ಮುಟ್ಟುವುದಿಲ್ಲ. ಹುಟ್ಟಿನಿಂದ ಬಂದ ಜೀನಿನ ತೊಂದರೆ, ಸಾವಿರಾರು ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ಬರುತ್ತದೆ ಅಂತ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು. ಊಟ ಕಣ್ಣಿಗೆ ಬೀಳದ ಹಾಗೆ ಬೀಗ ಹಾಕಿಡಿ, ಇಲ್ಲದಿದ್ದರೆ ತಿಂದೇ ಸಾಯುತ್ತಾನೆ ಅಂದರು. ತಿನ್ನಪ್ಪಾ ತಿನ್ನು ಅಂತ ಗೋಗರೆದ ತಾಯಿ ಅವತ್ತಿನಿಂದ ಕೊರಳಿಗೆ ಕೀ ಹಾಕಿಕೊಂಡಳು.

ಅಪ್ಪನ ಕಸುಬು ಬೀಗ, ಮಗನ ಕಸುಬು ಆ ಬೀಗ ತೆಗೆಯುವುದು. ಭಾವ ಹೊಸದೊಂದು ಬೀಗ ಹಾಕುವುದು, ಅವನು ಅದನ್ನು ಬಿಚ್ಚುವುದು. ಅಂಕಿಯ ಬೀಗ ತಂದರೆ ನಿಮ್ಮಮ್ಮನ ಮಣಿಕಟ್ಟು ತಿರುಗುವುದನ್ನು ನೋಡಿಯೇ ಅಂಕಿ ಹಿಡಿದ. ಎಲ್ಲಕ್ಕಿಂತ ಗಟ್ಟಿಯಾದ ಬೀಗ ಹಾಕಿದ ವಾರ ಬೀಗದ ತಂಟೆಗೇ ಹೋಗಲಿಲ್ಲ, ಇನ್ನೊಂದು ಬದಿಯ ಕೀಲುಗಳ ಸ್ಕ್ರೂ ತೆಗೆದು ಬಾಗಿಲನ್ನು ಆ ಬದಿಯಿಂದಲೇ ಸರಿಸಿ ಗೋಡೆಗೆ ಒರಗಿಸಿದ್ದ. ಬೀಗ ಭದ್ರವಾಗಿ ಚಿಲಕಕ್ಕೆ ನೇತಾಡುತ್ತಿತ್ತು. ಒಳಗೆ ಇವನು ಸಕ್ಕರೆ ಡಬ್ಬಿ ತಬ್ಬಿಕೊಂಡು ಕೂತಿದ್ದ. ನಿಮ್ಮಮ್ಮ ಅಳುತ್ತಿದ್ದರೆ ಭಾವ ಕೀಲುಗಳನ್ನು ಕೈಯಲ್ಲಿ ಹಿಡಿದು, ಒಂದು ಸ್ಕ್ರೂನ ತಲೆಯೂ ಸವೆದಿಲ್ಲ ನೋಡು, ಎಷ್ಟು ನೀಟಾಗಿ ತೆಗೆದಿದ್ದಾನೆ ಅಂದರು. ಅದಕ್ಕೆ ನಿಮ್ಮಮ್ಮ ಎರಡು ದಿನ ಅವರ ಹತ್ತಿರ ಮಾತು ಬಿಟ್ಟಿದ್ದಳು. ಆಮೇಲೆ ಭಾವ ಒಂದು ಉಪಾಯ ಮಾಡಿದರು. ನನ್ನ ರೀಲಿನಿಂದ ಒಂದು ಎಳೆ ದಾರ ತೆಗೆದು ರಾತ್ರಿ ಬೀಗಕ್ಕೆ ಅಡ್ಡ ಇಡುವುದು, ಬೆಳಗ್ಗೆ ಎದ್ದು ಅದು ಜಾರಿದೆಯೋ ಅಂತ ನೋಡುವುದು. ಯಾವ ದಿನವೂ ಎಳೆ ಇಟ್ಟಲ್ಲಿ ಇರುತ್ತಿರಲಿಲ್ಲ. ಬೀಗ ತೆಗೆಯಲು ಆಗದ ದಿನವೂ ಸುಮ್ಮನೆ ಮುಟ್ಟಿಯಾದರೂ ಹೋಗಿರುತ್ತಿದ್ದ.

ಹಗಲೆಲ್ಲ ಅವನು ಅಪ್ಪನ ಅಂಗಡಿಯಲ್ಲಿ ಹಲ್ಲು ಕೊರೆಯದ ಕೀಗಳನ್ನು ವಿಂಗಡಿಸಿ ಡಬ್ಬಿಗಳಿಗೆ ಹಾಕುತ್ತಾನೆ. ರಾಶಿಯಲ್ಲಿ ಕೈಯಾಡಿಸಿ, ಗಿರಾಕಿ ತಂದ ಕೀಗೆ ಜೋಡಿ ಯಾವುದು ಅಂತ ಥಟ್ಟನೆ ತೆಗೆದುಕೊಡುತ್ತಾನೆ. ನಡುನಡುವೆ ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ಊಟಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ಕೇಳುವುದು. ಅದಕ್ಕೇ ರಸ್ತೆಯವರೆಲ್ಲ ಅವನನ್ನು ಗಡಿಯಾರ ಅನ್ನುವುದು. ಎದುರಿನ ಬೇಕರಿಯವನು ಅವನನ್ನು ಕಂಡ ಕೂಡಲೇ ಶಟರನ್ನು ಅರ್ಧ ಎಳೆದುಬಿಡುತ್ತಾನೆ. ಜಗಳವೇನಿಲ್ಲ, ನಿಮ್ಮಮ್ಮನೇ ಕೇಳಿಕೊಂಡದ್ದು. ಬೇಕರಿ ಬಂದ್ ಆಯ್ತು ಗಡಿಯಾರಪ್ಪ ಅಂತ ಶಟರಿನ ಕೆಳಗಿಂದ ಬೇಕರಿಯವನು, ಸುಳ್ಳು, ನಿಮ್ಮ ಕಾಲು ಕಾಣಿಸ್ತಿದೆ ಅಂತ ನಿನ್ನ ತಮ್ಮ.

ಇಷ್ಟು ನಿನ್ನ ಯಜಮಾನರಿಗೆ. ಇನ್ನು ನಿನಗೆ.

ಎಳೆ ವಾರಗಟ್ಟಲೆ ಅಲ್ಲಾಡಲಿಲ್ಲ. ಭಾವ ದಿನಾ ಬೆಳಗ್ಗೆ ಬಂದು, ಇವತ್ತೂ ಮುಟ್ಟಿಲ್ಲ ಅನ್ನುವುದು, ನಾನು ನಿಮ್ಮ ಬಾಯಿಗೆ ಸಕ್ಕರೆ ಹಾಕ ಅನ್ನುವುದು. ಅವನೇನೂ ಊಟ ಪೂರ್ತಿ ಬಿಟ್ಟಿರಲಿಲ್ಲ. ತಟ್ಟೆ ಇಟ್ಟರೆ ತಿನ್ನುತ್ತಿದ್ದ, ಮೊದಲ ಸಲ ತಟ್ಟೆಯಲ್ಲಿ ಉಳಿಸತೊಡಗಿದ್ದ. ಹೊತ್ತೆಷ್ಟಾಯಿತು ಅಂತ ಕೇಳುವುದು ನಿಂತಿತು. ಕೈಯ ಚರ್ಮ ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತಿದ್ದನಲ್ಲ, ಅದೂ ನಿಂತು ಗಾಯ ಒಣಗಿತು. ವಯಸ್ಸಾಗ್ತಾ ಎಲ್ಲ ಇಳಿದುಹೋಗುತ್ತೆ ಅಂತ ನಾನು ಹೇಳ್ತಿರಲಿಲ್ಲವಾ ಅಂದರು ಭಾವ. ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ. ಆದರೂ ನಾವೆಲ್ಲ, ಹೌದು ಹೇಳಿದ್ರಿ ಅಂದೆವು.

ನಿಮ್ಮಮ್ಮ ಬೀಗ ತೆಗೆದ ದಿನ ನಾನು ಅಲ್ಲಿದ್ದೆ. ಕೊರಳಿನಿಂದ ಕೀ ತೆಗೆದು ಮೊಳೆಗೆ ನೇತುಹಾಕಿದಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಒಲೆಯ ಮೇಲೆ ಪಾತ್ರೆ ಬಿಟ್ಟು, ಹೊರಗೆ ಬಂದು ನನ್ನ ಪಕ್ಕ ಕೂತಳು. ಅಷ್ಟೇ. ಒಲೆಯ ಮೇಲೆ ಪಾತ್ರೆ ಬಿಟ್ಟು ಹೊರಗೆ ಬಂದು ಕೂರುವ ಸುಖ ಎಂಥದ್ದು ಅಂತ ಬೇರೆಯವರಿಗೆ ಹೇಳಿದರೆ ನಗುತ್ತಾರೆ, ನಿನಗೆ ಅರ್ಥವಾಗುತ್ತದೆ. ಮಾರನೆಯ ದಿನ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಸೇಬು ಇಟ್ಟಳು. ತಿನ್ನಲಿಕ್ಕಲ್ಲ, ಸುಮ್ಮನೆ ಮನೆ ಅಂದರೆ ಹಾಗಿರುತ್ತೆ ಅಂತ. ನಾನೂ ಹಿಂದೆ ಬೀಳಲಿಲ್ಲ, ಮಿಷನ್ನಿನ ಪಕ್ಕ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡೆ. ಅವಳು ನಿನಗೆ ಬರೆದ ಸಂತೋಷದ ಕಾಗದ ಆ ವಾರದ್ದೇ. ಇನ್ನು ರಜೆಗೆ ಕೂಸನ್ನು ಕರೆದುಕೊಂಡು ಬಾ, ಎಲ್ಲ ಒಟ್ಟಿಗೆ ಮೇಜಿನ ಸುತ್ತ ಕೂತು ಊಟ ಮಾಡೋಣ ಅಂತ ಬರೆದದ್ದನ್ನು ನನಗೂ ಓದಿ ಹೇಳಿದ್ದಳು. ಬರುತ್ತೇನೆ ಅಂತ ನಿನ್ನ ಉತ್ತರ ಬಂದ ದಿನ ಮನೆಯ ಪರದೆಗಳನ್ನೆಲ್ಲ ತಂದು, ಅಂಚು ಬಿಚ್ಚಿಹೋಗಿದೆ ಹೊಲಿದುಕೊಡು ಅಂತ ನನ್ನ ಮೇಲೆ ಸುರಿದಳು.

ನನಗೆ ಅನುಮಾನ ಬಂದದ್ದು ಅವನ ಪ್ಯಾಂಟಿನಿಂದ. ಸೊಂಟ ಸಡಿಲ ಅಂತ ಒಂದು ಸಲ ಹಿಡಿದುಕೊಟ್ಟೆ, ಖುಷಿಯಿಂದಲೇ. ಸ್ವಲ್ಪ ದಿನಕ್ಕೆ ಮತ್ತೆ ತಂದರು. ಮೂರನೆಯ ಸಲ ಅಳತೆ ತೆಗೆಯಲು ಅವನನ್ನೇ ಕರೆದು ನಿಲ್ಲಿಸಿದೆ. ಟೇಪು ಸುತ್ತುವಾಗ ಮೊದಲೆಲ್ಲ ಕಚಗುಳಿ ಅಂತ ಕುಣಿಯುತ್ತಿದ್ದ. ಈಗ ಮರದ ಹಾಗೆ ನಿಂತಿದ್ದ. ಮೈ ವಾಸನೆ ಬರುತ್ತಿತ್ತು, ಎಷ್ಟು ದಿನದಿಂದ ಸ್ನಾನ ಮಾಡಿರಲಿಲ್ಲವೋ. ಆ ಸೆಖೆಯಲ್ಲಿ ಸ್ವೆಟರು ಹಾಕಿ ಕೊರಳವರೆಗೆ ಗುಂಡಿ ಹಾಕಿಕೊಂಡಿದ್ದ. ಬಿಸ್ಕತ್ತಿನ ಡಬ್ಬಿ ಅವನ ಮೂಗಿನ ಕೆಳಗೇ ಇತ್ತು. ಅವನು ಅದನ್ನು ನೋಡುತ್ತಿದ್ದ, ಆದರೆ ಆಸೆಯಿಂದಲ್ಲ. ಡಬ್ಬಿಯೊಳಗೆ ಏನೋ ಕೂತಿದೆ ಅನ್ನುವ ಹಾಗೆ.

ಅವತ್ತೇ ಸಂಜೆ ಬೇಕರಿಯವನು ಅಂಗಿಯ ಕಾಲರು ತಿರುಗಿಸಿ ಹೊಲಿಸಲು ಬಂದ. ಗಡಿಯಾರ ನಿಂತುಹೋಗಿದೆಯಲ್ಲಕ್ಕಾ, ಕೀ ಕೊಟ್ಟಿಲ್ಲವಾ ಅಂತ ನಗೆಯಾಡಿದ. ನಾನು ನಗಲಿಲ್ಲ. ಅವನೂ ನಗು ನಿಲ್ಲಿಸಿ ಹೇಳಿದ, ಬೆಳಗ್ಗೆ ಹೋಗ್ತಿದ್ದ, ಪರೀಕ್ಷೆ ಮಾಡೋಣ ಅಂತ ಶಟರು ಎಳೀಲೇ ಇಲ್ಲ, ಬಿಸಿ ಬ್ರೆಡ್ಡು ಮುಂದೇ ಇತ್ತು, ತಿರುಗಿ ನೋಡದೆ ಹೋದ, ಮನಸ್ಸಿಗೆ ಒಂಥರಾ ಆಯ್ತಕ್ಕಾ. ಇಡೀ ರಸ್ತೆ ನಮಗೆ ಶಹಬ್ಬಾಸ್ ಹೇಳುತ್ತಿದ್ದಾಗ ಅವನೊಬ್ಬನೇ ಹೀಗೆ ಅಂದವನು.

ನಾನು ನಿಮ್ಮಮ್ಮನಿಗೆ ಹೇಳಿ ನೋಡಿದೆ. ದೃಷ್ಟಿ ಹಾಕಬೇಡ ಅಂತ ಬೈದಳು. ಮಗ ಸುಮ್ಮನಿದ್ದರೂ ನಿನಗೆ ಆಗಲ್ಲ, ಗಲಾಟೆ ಮಾಡಿದರೂ ಆಗಲ್ಲ ಅಂದಳು. ಹೋಗಲಿ, ದಿನಾ ಕೂತು ಚಿತ್ರದ ತುಂಡು ಜೋಡಿಸುತ್ತಿದ್ದನಲ್ಲ, ಅದು ಅರ್ಧಕ್ಕೇ ನಿಂತಿದೆಯಲ್ಲ ಅಕ್ಕ ಅಂದರೆ, ದೊಡ್ಡವನಾದ, ಇನ್ನೂ ಆಟ ಆಡ್ತಾನಾ ಅಂದಳು. ನಿನ್ನ ತಮ್ಮನಿಗೆ ಆ ಆಟ ಆಟವಾಗಿರಲಿಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆಮೇಲೆ ಸಾಬೂನಿನ ದಿನ ಬಂತು. ಭಾವ ಮಧ್ಯಾಹ್ನ ಯಾರದೋ ಮನೆಯ ಬಾಗಿಲಿಗೆ ಬೀಗ ಕೂರಿಸಲು ಹೋಗಿದ್ದರು. ವಾಪಸು ಬಂದು ನೋಡಿದರೆ ಹಲಗೆಗೆ ನೇತುಹಾಕಿದ್ದ ಬೀಗಗಳ ಕಿಂಡಿಗಳಲ್ಲೆಲ್ಲ ಒದ್ದೆ ಸಾಬೂನು ಒತ್ತಿ ಒತ್ತಿ ತುಂಬಿತ್ತು. ಒಂದನ್ನೂ ಬಿಟ್ಟಿರಲಿಲ್ಲ. ರಿಪೇರಿಗೆ ಬಂದವು, ಮಾರಾಟದವು, ಅಂಗಡಿಯ ಶಟರಿನದು ಕೂಡ. ಭಾವನ ಕೂಗು ಕೇಳಿ ನಾನು ಓಡಿದೆ. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವನು ಮೂಲೆಯಲ್ಲಿ, ಸಾಬೂನಿನ ಕೈ ಹಾಗೇ ಮುಂದಕ್ಕೆ ಹಿಡಿದುಕೊಂಡು ಕೂತಿದ್ದ. ಯಾಕೋ ಹೀಗೆ ಮಾಡಿದೆ ಅಂತ ನಾನು ಮೆಲ್ಲಗೆ ಕೇಳಿದೆ. ಒಳಗಿಂದ ಕರೀತಾರೆ ಚಿಕ್ಕಮ್ಮ, ಕಿಂಡಿಯಿಂದ ನೋಡ್ತಾರೆ, ಮಲಗೋಕೆ ಬಿಡಲ್ಲ ಅಂದ. ಯಾರಪ್ಪಾ ಕರೆಯೋದು ಅಂದೆ. ಗೊತ್ತಿಲ್ಲ ಅಂದ. ಭಾವ ಕೂಗುವುದನ್ನು ನಿಲ್ಲಿಸಿ ಸ್ಟೂಲಿನ ಮೇಲೆ ಕೂತುಬಿಟ್ಟರು. ಊಟ ಯಾಕೆ ಬಿಡ್ತಿದ್ದೀಯಪ್ಪ ಅಂದೆ. ಅದರಲ್ಲಿ ಏನೋ ಹಾಕಿರ್ತಾರೆ ಅಂದ. ಅಮ್ಮ ಹಾಕ್ತಾಳೇನೋ ಅಂದೆ.

ಪುಟ್ಟಿ, ಅವನು ಏನಂದ ಅಂತ ಬರೆಯುವ ಮೊದಲು ಎರಡು ಸಲ ಎದ್ದು ಓಡಾಡಿ ಬಂದೆ. ಅಮ್ಮ ಅಲ್ಲ ಅಂದ. ಅಮ್ಮನ ಬಟ್ಟೆ ಹಾಕ್ಕೊಂಡು ಯಾರೋ ಬಂದು ಇದ್ದಾರೆ, ಅಮ್ಮನ ಹಾಗೇ ಮಾತಾಡ್ತಾರೆ, ಅವರು ಹಾಕ್ತಾರೆ ಅಂದ.

ಈ ಮಾತನ್ನು ನಿಮ್ಮಮ್ಮನಿಗೆ ನಾವು ಹೇಳಿಲ್ಲ. ನೀನೂ ಹೇಳಬೇಡ. ಸಾಬೂನಿನ ವಿಷಯ ಮುಚ್ಚಿಡಲು ಆಗಲಿಲ್ಲ, ಭಾವ ಅವತ್ತು ಬೀಗಗಳನ್ನೆಲ್ಲ ಮನೆಗೆ ತಂದು ಬಿಸಿನೀರಿನಲ್ಲಿ ತೊಳೆಯುತ್ತಾ ಕೂತರು. ಅಪ್ಪನಿಗೆ ಸಹಾಯ ಆಗಲಿ ಅಂತ ಶುಚಿ ಮಾಡೋಕೆ ಹೋಗಿರಬೇಕು, ಪಾಪ ಅಂದಳು ನಿಮ್ಮಮ್ಮ. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಬೀಗಗಳನ್ನು ಒರೆಸಿದೆವು.

ಆಸ್ಪತ್ರೆಗೆ ಹೋದದ್ದು ಈ ವಾರ. ಮಕ್ಕಳ ಡಾಕ್ಟರು, ಇವನಿಗೆ ಮೀಸೆ ಬಂತು, ಇನ್ನು ನನ್ನ ಹತ್ತಿರ ಬರುವ ಹಾಗಿಲ್ಲ ಅಂತ ಎಂದೋ ಕೈಬಿಟ್ಟಿದ್ದರು. ಮುಂದೆ ಎಲ್ಲಿಗೆ ಹೋಗಬೇಕು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಕ್ಕಳ ಕಾಯಿಲೆ, ಮಗು ದೊಡ್ಡದಾದರೆ ಅದರ ಪಾಡಿಗೆ ಅದು ಅಂತ ನಮ್ಮ ಲೆಕ್ಕ. ಒಂದು ಸಲ ತೋರಿಸಿಕೊಂಡು ಬರೋಣ ಅಂತ ಭಾವ ಅಂದಾಗ ನಿಮ್ಮಮ್ಮ ಒಂದು ಮಾತಿಗೇ ಒಪ್ಪಿದಳು, ನನಗೆ ಆಶ್ಚರ್ಯವಾಯಿತು. ಆಮೇಲೆ ನೋಡಿದರೆ ನಿನ್ನ ಮದುವೆಗೆ ಉಟ್ಟ ಸೀರೆ ಉಟ್ಟುಕೊಂಡು ಹೊರಟಿದ್ದಾಳೆ. ವಾಸಿಯಾಗಿದೆ ಅಂತ ಡಾಕ್ಟರ ಬಾಯಿಂದ ಕೇಳಲು ಹೊರಟಿದ್ದಳು.

ಅಲ್ಲಿದ್ದವರು ಒಬ್ಬ ಹೆಣ್ಣುಮಗಳು, ಮನಸ್ಸಿನ ಡಾಕ್ಟರು, ನಿನ್ನ ವಯಸ್ಸೇ ಇರಬಹುದು. ಅವನ ಹತ್ತಿರ ತುಂಬ ಹೊತ್ತು ಮಾತಾಡಿದರು. ಮಾತು ಅಂದರೇನು, ಅವರು ಕೇಳುವುದು, ಇವನು ಬಾಗಿಲಿನ ಹಿಡಿಕೆ ನೋಡುವುದು. ಕೊನೆಗೆ ಅವರು ಎದ್ದು ಹೋಗಿ ತಮ್ಮ ಕರವಸ್ತ್ರವನ್ನು ಹಿಡಿಕೆಗೆ ಸುತ್ತಿ, ಕಿಂಡಿ ಮುಚ್ಚಿ ಬಂದು ಕೂತರು. ಆಗ ನಾಲ್ಕು ಮಾತಾಡಿದ. ಅವನನ್ನು ಭಾವನ ಜೊತೆ ಹೊರಗೆ ಕೂರಿಸಿ ನನಗೂ ಅಕ್ಕನಿಗೂ ಹೇಳಿದರು. ಈ ತೊಂದರೆಗೆ ಹೆಸರು ಒಂದೇ ಆದರೂ ವಯಸ್ಸಿಗೊಂದು ಮುಖ ಇರುತ್ತೆ ಅಮ್ಮ, ಕೂಸಾಗಿದ್ದಾಗ ತಿನ್ನಲಿಲ್ಲ, ಮಗುವಾದಾಗ ತಿನ್ನೋದು ನಿಲ್ಲಲಿಲ್ಲ, ಹರೆಯ ಬಂದಾಗ ಕೆಲವರಿಗೆ ಮನಸ್ಸು ಕೆಡುತ್ತೆ, ದುಃಖ, ಭಯ, ಇಲ್ಲದ ದನಿ ಕೇಳಿಸೋದು, ಇದ್ದವರನ್ನು ಅನುಮಾನಿಸೋದು. ನಿಮ್ಮ ಮಗನಿಗೆ ಅದು ಬಂದಿದೆ, ಹಸಿವು ಹೋದದ್ದು ಗುಣ ಅಲ್ಲ, ಅದೇ ಮೊದಲ ಗುರುತು ಅಂದರು. ವಯಸ್ಸಾದ ಮೇಲೆ ತಣ್ಣಗಾಗ್ತಾರೆ ಅಂತಾರಲ್ಲ ಅಂತ ಅಕ್ಕ ಕೇಳಿದಳು. ಕೆಲವರು ಆಗ್ತಾರೆ, ನಡುವಯಸ್ಸು ದಾಟಿದ ಮೇಲೆ, ನಿಧಾನವಾಗಿ, ಹೀಗೆ ಒಂದೇ ಬೇಸಿಗೆಯಲ್ಲಿ ಅಲ್ಲ ಅಂದರು.

ಆಮೇಲೆ ಹಳೆಯ ರಕ್ತ ಪರೀಕ್ಷೆಯ ಕಾಗದ ನೋಡಿದರು. ಈ ತೊಂದರೆ ಒಂದೇ ದಾರಿಯಲ್ಲಿ ಬರುವುದಿಲ್ಲವಂತೆ. ಜೀನುಗಳನ್ನು ಹೊರುವ ಕ್ರೋಮೋಸೋಮುಗಳ ಒಂದು ಜೊತೆಯಲ್ಲಿ ಅಪ್ಪನದೊಂದು ಅಮ್ಮನದೊಂದು ಇರಬೇಕಾದ ಕಡೆ ಇವನಿಗೆ ಎರಡೂ ಅಮ್ಮನವೇ ಬಂದಿವೆಯಂತೆ. ಅಂಥವರಿಗೆ ಮನಸ್ಸಿನ ಕಾಯಿಲೆ ಬರುವುದು ಹೆಚ್ಚಂತೆ. ಇದು ಗರ್ಭ ಕಟ್ಟುವಾಗ ತಾನಾಗೇ ಆಗುವಂಥದ್ದು, ನೀವು ಮಾಡಿದ್ದಕ್ಕೂ ಬಿಟ್ಟದ್ದಕ್ಕೂ ಸಂಬಂಧವೇ ಇಲ್ಲ ಅಂತ ಆಕೆ ಮತ್ತೆ ಮತ್ತೆ ಹೇಳಿದರು. ಎರಡೂ ಅಮ್ಮನವೇ ಅನ್ನುವ ಮಾತಿನಲ್ಲೇ ಅಕ್ಕನ ಕಿವಿ ನಿಂತುಹೋಗಿತ್ತು.

ಈಗಲೇ ಚಿಕಿತ್ಸೆ ಶುರು ಮಾಡಿದರೆ ಸುಧಾರಿಸ್ತಾನೆ, ಬಿಟ್ಟರೆ ಊಟ ನೀರು ಪೂರ್ತಿ ಬಿಡಬಹುದು, ಬರೋ ಗುರುವಾರದವರೆಗೆ ಒಂದು ಹಾಸಿಗೆ ಇಟ್ಟಿರುತ್ತೇನೆ, ಸೇರಿಸಿ ಅಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. ಸುಧಾರಿಸಿದರೆ ಹಸಿವು ವಾಪಸು ಬರುತ್ತಾ ಅಂದಳು. ಡಾಕ್ಟರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಬರುತ್ತೆ ಅಮ್ಮ, ಔಷಧಿಯಿಂದ ಇನ್ನೂ ಸ್ವಲ್ಪ ಹೆಚ್ಚೇ ಆಗಬಹುದು ಅಂದರು. ಹಾಗಾದರೆ ಬೇಡ ಡಾಕ್ಟರೇ, ಈಗ ಅವನು ಒಳ್ಳೆಯವನಾಗಿದ್ದಾನೆ ಅಂತ ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

ಅವತ್ತಿನಿಂದ ಮನೆಯಲ್ಲಿ ಆ ವಿಷಯ ಎತ್ತುವ ಹಾಗಿಲ್ಲ. ನಾನು ಎತ್ತಿದರೆ, ನಿನಗೆ ಮಕ್ಕಳಿದ್ದಿದ್ದರೆ ಗೊತ್ತಾಗುತ್ತಿತ್ತು ಅಂದಳು. ಅಕ್ಕ ಆ ಮಾತನ್ನು ನನಗೆ ಯಾವತ್ತೂ ಅಂದವಳಲ್ಲ, ಅಂದ ಮೇಲೆ ಅವಳೇ ಅತ್ತಳು. ಭಾವ ನಡುವೆ ಸಿಕ್ಕಿದ್ದಾರೆ. ಅವಳು ಒಪ್ಪದೆ ನಾನು ಹೇಗೆ ಅವನನ್ನು ಎತ್ತಿಕೊಂಡು ಹೋಗಲಿ ಅನ್ನುತ್ತಾರೆ. ಅವನು ನಿನ್ನೆಯಿಂದ ನೀರಿನ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತಿದ್ದಾನೆ, ಇಲ್ಲವೇ ಹಾಗೇ ಇಡುತ್ತಾನೆ.

ಅವಳು ಮಾತು ಕೇಳುವುದಿದ್ದರೆ ನಿನ್ನದು. ನೀನು ಈ ಮನೆಯಿಂದ ಯಾಕೆ ದೂರ ಉಳಿದೆ ಅಂತ ಅವಳಿಗೆ ಗೊತ್ತು. ಹುಟ್ಟಿದ ದಿನದ ಕೇಕನ್ನು ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ತಿಂದ ಹುಡುಗಿ ನೀನು. ತೆರೆದ ಅಡುಗೆಮನೆಗೆ ನಿನ್ನನ್ನು ಒಂದು ಸಲ ಕರೆಸಿ ಊಟ ಬಡಿಸಬೇಕು ಅನ್ನುವುದೇ ಅವಳ ಹಟ, ಅದಕ್ಕೋಸ್ಕರವೇ ಅವನನ್ನು ಹೀಗೆ ಹಿಡಿದಿಟ್ಟಿದ್ದಾಳೆ ಅಂತ ನನಗೆ ಒಂದೊಂದು ಸಲ ಅನ್ನಿಸುತ್ತದೆ. ಹಾಗಾಗಿ ನೀನೇ ಬಂದು ಹೇಳು, ಅಮ್ಮಾ, ನನಗೆ ಬೀಗದ ಮನೆಯೇ ಪರವಾಗಿಲ್ಲ ಅಂತ. ರಜೆಗೆ ಕಾಯಬೇಡ. ಗುರುವಾರದೊಳಗೆ ಬಾ. ಕೂಸನ್ನು ಹೊತ್ತುಕೊಂಡೇ ಬಾ, ಪ್ರಯಾಣದಲ್ಲಿ ಕಚ್ಚಲು ಏನಾದರೂ ಕೊಟ್ಟರಾಯಿತು.

ನಿನ್ನ ಮನಸ್ಸು ನೋಯಿಸಿದ್ದರೆ ಬೈದುಕೋ, ಆದರೆ ದಾರಿಯಲ್ಲಿ ಬೈದುಕೋ.

ಇಂತಿ ನಿನ್ನ,
ಚಿಕ್ಕಮ್ಮ

ವಿ.ಸ. ಸೋಮವಾರ. ಅಂಚೆಗೆ ಹಾಕುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ನಿನ್ನೆ ಸಂಜೆ ಕಾಗದ ಮಡಿಸುತ್ತಿದ್ದಾಗ ನಿಮ್ಮಪ್ಪ ಅಮ್ಮ ಇಬ್ಬರೂ ನನ್ನನ್ನು ಹುಡುಕಿಕೊಂಡು ಅಂಗಡಿಗೆ ಬಂದರು. ಗುಂಡಿ ಎಲ್ಲಿ ಹಾಕಿದ್ದೀಯ ತೋರಿಸು ಅಂದಳು ಅಕ್ಕ. ತೋರಿಸಲು ಗುಂಡಿ ಇರಲಿಲ್ಲ. ಏನದು ಓದು ಅಂದಳು. ಓದಿದೆ. ಅವರಿಬ್ಬರೂ ಬಟ್ಟೆಯ ಗಂಟುಗಳ ಮೇಲೆ ಕೂತು ಕೇಳಿದರು. ಅಮ್ಮನ ಬಟ್ಟೆ ಹಾಕಿಕೊಂಡವರು ಅನ್ನುವ ಸಾಲನ್ನು ಹಾರಿಸಬೇಕು ಅಂದುಕೊಂಡೆ, ಹಾರಿಸುವಷ್ಟರಲ್ಲಿ ಬಾಯಿ ಓದಿಬಿಟ್ಟಿತ್ತು. ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮುಗಿದ ಮೇಲೆ, ಚೆನ್ನಾಗಿ ಬರೆದಿದ್ದೀಯ ಅಂದಳು, ಎದ್ದು ಹೋದಳು.

ಇವತ್ತು ಬೆಳಗ್ಗೆ ನಾನು ಬರುವಷ್ಟರಲ್ಲಿ ಬೀಗದಂಗಡಿಯ ಶಟರಿನ ಮೇಲೆ ರಜೆ ಅಂತ ಸೀಮೆಸುಣ್ಣದಲ್ಲಿ ಬರೆದಿತ್ತು. ಅವರ ಮನೆಗೆ ಓಡಿದೆ, ಮುಂದೆ ಬೇಕರಿಯವನ ವ್ಯಾನು ನಿಂತಿತ್ತು. ಅಕ್ಕ ಮಗನ ಬಟ್ಟೆಗಳನ್ನು ಒಂದು ಬ್ಯಾಗಿಗೆ ತುಂಬಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, ನನಗೆ ಗೊತ್ತಿತ್ತು ಕಣೇ. ಬೀಗ ತೆಗೆದ ವಾರವೇ ಅವನು ನನ್ನನ್ನು ಕೇಳಿದ್ದ, ನೀವು ಯಾರು, ನಮ್ಮಮ್ಮ ಯಾವಾಗ ಬರ್ತಾಳೆ ಅಂತ. ಬರ್ತಾಳಪ್ಪ ಅಂತ ಹೇಳಿ ಅವನಿಗೆ ಬಡಿಸಿ, ನಾನೂ ತಟ್ಟೆ ಹಾಕಿಕೊಂಡು ಕೂತು ಊಟ ಮಾಡಿದೆ. ಬಾಗಿಲು ತೆರೆದಿತ್ತು. ನಾಲ್ಕು ದಿನ ಹಾಗೇ ಇರಲಿ ಅನ್ನಿಸಿತು. ಇಷ್ಟು ಹೇಳಿ ಬ್ಯಾಗಿನ ಜಿಪ್ಪು ಎಳೆಯಲು ಹೋದಳು.

ಅವನು ವ್ಯಾನು ಹತ್ತಲು ಒಪ್ಪಲಿಲ್ಲ. ಬಾಗಿಲಿನ ಕಿಂಡಿಗೆ ಬೆರಳು ತೋರಿಸಿ ಹಿಂದೆ ಹಿಂದೆ ಸರಿದ. ಭಾವ ಜೇಬಿನಿಂದ ಅಂಟು ಪಟ್ಟಿ ತೆಗೆದು ವ್ಯಾನಿನ ಕಿಂಡಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು. ಆದರೂ ಒಪ್ಪಲಿಲ್ಲ. ಬೇಕರಿಯವನು ಕರೆದ, ನಾನು ಕರೆದೆ, ಭಾವ ಕೈ ಹಿಡಿಯಲು ಹೋದರೆ ಕಿತ್ತುಕೊಂಡ. ಆಗ ಅಕ್ಕ ಅವನ ಎದುರಿಗೆ ಹೋಗಿ ನಿಂತು, ಹೊರಗಿನವರು ಮಾತಾಡಿಸುವ ಹಾಗೆ ಮಾತಾಡಿಸಿದಳು. ನಿಮ್ಮಮ್ಮ ಆಸ್ಪತ್ರೆಯಲ್ಲಿ ಕಾಯ್ತಿದ್ದಾರೆ ಕಣಪ್ಪ, ಬಾ, ನಾನು ಅವರ ಹತ್ತಿರ ಕರ್ಕೊಂಡು ಹೋಗ್ತೀನಿ ಅಂದಳು. ಅವನು ಅವಳನ್ನು ತುಂಬ ಹೊತ್ತು ನೋಡಿದ. ಆಮೇಲೆ ಬ್ಯಾಗು ತಾನೇ ಎತ್ತಿಕೊಂಡು ಹತ್ತಿ ಕೂತ.